ಕಲ್ಲು ಕೊಳೆಯುವ ವೇಗ, ಮಣ್ಣು ಸಾಗುವ ವೇಗ: ನೆಲ ರೂಪುಗೊಳ್ಳುವ ಬಗೆ

ಶಿಥಿಲೀಕರಣ, ಸವೆತ, ಸಂಚಯನ ಎಂಬ ಮೂರು ಹೆಸರುಗಳನ್ನು ನಾವೆಲ್ಲರೂ ಶಾಲೆಯ ಭೂಗೋಳ ಪಾಠದಲ್ಲಿ ಕೇಳಿದ್ದೇವೆ. ಬಂಡೆಯು ತಾನಿದ್ದಲ್ಲಿಯೇ ಒಡೆದು ಅಥವಾ ಕೊಳೆತು ಸಡಿಲವಾಗುವುದು ಶಿಥಿಲೀಕರಣ. ಹಾಗೆ ಸಡಿಲವಾದದ್ದನ್ನು ನೀರು, ಗಾಳಿ, ಕಡಲಿನ ಅಲೆ, ಹಿಮನದಿಗಳು ಕಿತ್ತು ಹೊತ್ತೊಯ್ಯುವುದು ಸವೆತ. ಹೊರುವ ಶಕ್ತಿ ಕುಂದಿದ ಕಡೆ ಆ ಹೊರೆ ಕೆಳಗಿಳಿದು ನಿಲ್ಲುವುದು ಸಂಚಯನ. ಈ ವ್ಯಾಖ್ಯೆಗಳಲ್ಲಿ ತಪ್ಪೇನೂ ಇಲ್ಲ. ಆದರೆ ಇವನ್ನು ಒಂದಾದ ಮೇಲೊಂದು ಎಂಬ ಕ್ರಮದಲ್ಲಿ ಕಲಿಯುವುದರಿಂದ ಮುಖ್ಯವಾದ ಒಂದು ಸಂಗತಿ ನಮ್ಮ ಗಮನಕ್ಕೆ ಬರದೆ ಉಳಿಯುತ್ತದೆ. ಈ ಮೂರೂ ಕೆಲಸಗಳು ಒಂದೇ ಬೆಟ್ಟದ ಮೇಲೆ, ಒಂದೇ ಕಾಲಕ್ಕೆ, ಬೇರೆ ಬೇರೆ ವೇಗದಲ್ಲಿ ನಡೆಯುತ್ತಿರುತ್ತವೆ. ನಾವು ಕಾಣುವ ಬೆಟ್ಟ, ಬಯಲು, ದಂಡೆಗಳ ಆಕಾರವು ಆ ವೇಗಗಳ ನಡುವಣ ವ್ಯತ್ಯಾಸದಿಂದ ಹುಟ್ಟಿದ್ದು. ಕಲ್ಲು ಬೇಗ ಕೊಳೆತು, ಕೊಳೆತದ್ದು ನಿಧಾನವಾಗಿ ಸಾಗಿಹೋಗುವ ಕಡೆ ಮಣ್ಣು ದಪ್ಪವಾಗಿ ಕೂಡಿಕೊಳ್ಳುತ್ತದೆ. ಕಲ್ಲು ನಿಧಾನವಾಗಿ ಕೊಳೆತು, ಕೊಳೆತದ್ದೆಲ್ಲ ಒಡನೆಯೇ ತೊಳೆದುಹೋಗುವ ಕಡೆ ಬೋಳು ಬಂಡೆ ಎದ್ದು ನಿಲ್ಲುತ್ತದೆ.

ಈ ಲೆಕ್ಕವನ್ನು ನೆಲದ ಮೇಲೆಯೇ ಓದಿ ತಿಳಿಯುವುದಕ್ಕೆ ಕರ್ನಾಟಕ ಬಹಳ ಅನುಕೂಲವಾದ ಪ್ರದೇಶ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿಂದ ಈಶಾನ್ಯ ದಿಕ್ಕಿಗೆ ಸುಮಾರು 200 ಕಿಲೋಮೀಟರ್ ಸರಿದು ಚಳ್ಳಕೆರೆ ಸೀಮೆಗೆ ಬಂದರೆ ಅದು 500 ಮಿಲಿಮೀಟರ್ ಆಸುಪಾಸಿಗೆ ಇಳಿಯುತ್ತದೆ. ಎರಡೂ ಕಡೆ ತಳದಲ್ಲಿರುವುದು ಬಹುಮಟ್ಟಿಗೆ ಒಂದೇ ಬಗೆಯ ಪುರಾತನ ಶಿಲೆಗಳು: 250 ಕೋಟಿಯಿಂದ 300 ಕೋಟಿ ವರ್ಷಗಳಿಗೂ ಹಿಂದಿನ ನೈಸ್, ಗ್ರಾನೈಟ್ ಮತ್ತು ಶಿಸ್ಟ್. ಶಿಲೆಗಳಲ್ಲಿ ಅಷ್ಟು ಸಾಮ್ಯವಿದ್ದರೂ ಬೀಳುವ ನೀರು ಮತ್ತು ನೆಲದ ಇಳಿಜಾರು ಬೇರೆಯಾಗಿರುವುದರಿಂದ ನೆಲದ ಚಹರೆ ಗುರುತೇ ಸಿಗದಷ್ಟು ಬದಲಾಗಿದೆ.

ನೀರು ಕಲ್ಲನ್ನು ಕೊಳೆಸುವ ಬಗೆ

ಶಿಥಿಲೀಕರಣದ ಮಾತು ಬಂದಾಗ ಪುಸ್ತಕಗಳು ಸಾಮಾನ್ಯವಾಗಿ ಹೆಪ್ಪುಗಟ್ಟುವ ನೀರಿನಿಂದ ಆರಂಭಿಸುತ್ತವೆ. ಬಿರುಕಿನೊಳಗೆ ನಿಂತ ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡ 9ರಷ್ಟು ಹಿಗ್ಗಿ ಕಲ್ಲನ್ನು ಸೀಳುತ್ತದೆ ಎಂಬುದು ಹಿಮಾಲಯದ ಮಟ್ಟಿಗೆ ನಿಜವೂ ಹೌದು, ಮುಖ್ಯವೂ ಹೌದು. ಆದರೆ ಬಂಡೆಯ ಬಿರುಕಿನಲ್ಲಿ ನೀರು ಹೆಪ್ಪುಗಟ್ಟದ ದಕ್ಷಿಣದ ನಾಡಿನಲ್ಲಿ ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಇದಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿ ಕಲ್ಲನ್ನು ಪಳಗಿಸುವ ಮುಖ್ಯ ಶಕ್ತಿ ರಾಸಾಯನಿಕವಾದದ್ದು, ಮತ್ತು ಅದರ ಬಹುಪಾಲು ಕೆಲಸ ನೆಲದ ಕೆಳಗೆ, ಕಣ್ಣಿಗೆ ಕಾಣದಂತೆ ನಡೆಯುತ್ತದೆ.

ಮಳೆನೀರು ಆಕಾಶದಿಂದ ಇಳಿಯುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸ್ವಲ್ಪ ಕರಗಿಸಿಕೊಳ್ಳುತ್ತದೆ. ಬೇರುಗಳೂ ಮಣ್ಣಿನ ಜೀವಿಗಳೂ ಉಸಿರಾಡಿ ಬಿಟ್ಟ ಅದೇ ಅನಿಲವು ಮಣ್ಣಿನ ರಂಧ್ರಗಳಲ್ಲಿ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ನೀರು ಅದನ್ನೂ ಸೇರಿಸಿಕೊಂಡು ತೀರ ಸೌಮ್ಯವಾದ ಕಾರ್ಬಾನಿಕ್ ಆಮ್ಲವಾಗಿ ಬಂಡೆಯನ್ನು ತಲುಪುತ್ತದೆ. ಗ್ರಾನೈಟ್ ಕಲ್ಲಿನಲ್ಲಿ ಮುಖ್ಯವಾಗಿ ಮೂರು ಬಗೆಯ ಖನಿಜಗಳಿರುತ್ತವೆ: ಬಿಳಿ ಅಥವಾ ನಸುಗೆಂಪು ಬಣ್ಣದ ಫೆಲ್ಡ್‌ಸ್ಪಾರ್, ಗಾಜಿನಂತೆ ಹೊಳೆಯುವ ಬೆಣಚು, ಹಾಗೂ ಕಪ್ಪಗೆ ಮಿನುಗುವ ಕಾಗೆಬಂಗಾರ. ಆಮ್ಲಯುಕ್ತ ನೀರು ತಗುಲಿದಾಗ ಫೆಲ್ಡ್‌ಸ್ಪಾರ್ ತನ್ನಲ್ಲಿರುವ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳನ್ನೂ ಒಂದಿಷ್ಟು ಸಿಲಿಕಾವನ್ನೂ ಬಿಟ್ಟುಕೊಟ್ಟು ಜೇಡಿಯಾಗಿ ಮಾರ್ಪಡುತ್ತದೆ. ಕಪ್ಪು ಕಾಗೆಬಂಗಾರದ ಹಾಳೆಗಳು ನೀರು ಕುಡಿದು ಉಬ್ಬುತ್ತವೆ, ಅದರೊಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆ ಉಬ್ಬರಕ್ಕೆ ಸುತ್ತಲಿನ ಹರಳುಗಳ ಹಿಡಿತ ಸಡಿಲುತ್ತದೆ. ಬೆಣಚು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದು, ಅಕ್ಕಪಕ್ಕದ ಆಸರೆ ತಪ್ಪಿದ ಮೇಲೆ ಬಿಡಿ ಹರಳುಗಳಾಗಿ ಉದುರುತ್ತದೆ. ಬಾವಿ ತೋಡುವವರು ಮಣ್ಣಿನ ಕೆಳಗೆ, ಗಟ್ಟಿ ಬಂಡೆಗಿಂತ ಮೇಲೆ ಕಾಣುವ ಗರಸು ಎಂದರೆ ಹೀಗೆ ಅರೆಬರೆ ಕೊಳೆತ ಕಲ್ಲು.

ಒಂದೇ ಕಲ್ಲಿನಿಂದ ಹೀಗೆ ಮೂರು ವಸ್ತುಗಳು ಹೊರಬಂದವು: ನುಣ್ಣನೆಯ ಜೇಡಿ, ಒರಟಾದ ಮರಳು, ನೀರಿನಲ್ಲಿ ಕರಗಿದ ಲವಣ. ಮುಂದೆ ಇವು ಮೂರೂ ಬೇರೆ ಬೇರೆ ದಾರಿ ಹಿಡಿದು ಬೇರೆ ಬೇರೆ ಜಾಗದಲ್ಲಿ ನೆಲೆಯಾಗುತ್ತವೆ. ಹೊಳೆಯ ಪಾತ್ರದಲ್ಲಿ ಮರಳು, ಕೆರೆಯ ತಳದಲ್ಲಿ ಜೇಡಿ, ಕಡಲಿನಲ್ಲಿ ಉಪ್ಪು ಇರುವುದಕ್ಕೆ ಮೂಲ ಕಾರಣ ಬಂಡೆಯೊಳಗೇ ಆರಂಭವಾದ ಈ ವಿಂಗಡಣೆ.

ಹಂಪಿಯ ಬಂಡೆಗಳು ಹೇಳುವುದು

ಹಂಪಿಯಲ್ಲಿ ಹೇಮಕೂಟದ ಮೇಲೆ ಅಥವಾ ಮಾತಂಗ ಪರ್ವತದ ಮೇಲೆ ನಿಂತವರೆಲ್ಲರಿಗೂ ಏಳುವ ಪ್ರಶ್ನೆ ಒಂದೇ: ಇಷ್ಟು ದೊಡ್ಡ ಗುಂಡುಗಳನ್ನು ಒಂದರ ಮೇಲೊಂದು ಇಟ್ಟವರಾರು? ಕಿಷ್ಕಿಂಧೆಯ ವಾನರರು ಎಸೆದಾಡಿದ ಕಲ್ಲುಗಳೆಂದು ಜನ ಹೇಳುತ್ತಾರೆ. ಭೂವಿಜ್ಞಾನದ ಉತ್ತರವೂ ಕಡಿಮೆ ಬೆರಗಿನದಲ್ಲ; ಅವುಗಳನ್ನು ಯಾರೂ ತಂದಿಡಲಿಲ್ಲ, ಬಹುತೇಕ ಗುಂಡುಗಳು ಹುಟ್ಟಿದ ಸ್ಥಾನದಲ್ಲಿಯೇ ಇವೆ, ಅವುಗಳ ನಡುವೆ ಇದ್ದ ಕಲ್ಲು ಮಾತ್ರ ಇಲ್ಲವಾಗಿದೆ.

ಇದು ನಡೆದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿಯ ಗ್ರಾನೈಟ್ ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ ಕರಗಿದ ಶಿಲಾದ್ರವದಿಂದ ಹೆಪ್ಪುಗಟ್ಟಿತು. ತಣಿಯುವಾಗ ಕುಗ್ಗಿದ್ದರಿಂದಲೂ, ಕೋಟಿಗಟ್ಟಲೆ ವರ್ಷಗಳಲ್ಲಿ ಮೇಲಿನ ಶಿಲೆಗಳೆಲ್ಲ ಸವೆದು ಭಾರ ಇಳಿದಾಗ ಹಿಗ್ಗಿದ್ದರಿಂದಲೂ ಅದರಲ್ಲಿ ಉದ್ದಕ್ಕೆ, ಅಡ್ಡಕ್ಕೆ, ಮಟ್ಟಸವಾಗಿ ಮೂರು ದಿಕ್ಕಿನ ಸೀಳುಗಳು ಮೂಡಿದವು. ಬಂಡೆಯ ಮೈಗಿಂತ ಈ ಸೀಳುಗಳ ಮೂಲಕವೇ ನೀರು ಒಳಹೊಕ್ಕಿತು. ಸೀಳು ಹೆಚ್ಚಿದಷ್ಟೂ ನೀರಿಗೆ ಸಿಗುವ ಮೈ ಹೆಚ್ಚುತ್ತದೆ: ಒಂದು ಮೀಟರ್ ಅಳತೆಯ ಘನಾಕಾರದ ಕಲ್ಲಿಗೆ ಹೊರಮೈ 6 ಚದರ ಮೀಟರ್, ಅದನ್ನೇ ಹತ್ತು ಸೆಂಟಿಮೀಟರ್ ಅಳತೆಯ ತುಂಡುಗಳಾಗಿಸಿದರೆ 60 ಚದರ ಮೀಟರ್. ಸೀಳುಗಳು ಒತ್ತೊತ್ತಾಗಿದ್ದ ಭಾಗ ಪೂರ್ತಿಯಾಗಿ ಕೊಳೆತು ಗರಸಾಯಿತು. ಸೀಳುಗಳು ದೂರ ದೂರ ಇದ್ದ ಕಡೆ ಎರಡು ಸೀಳುಗಳ ನಡುವಿನ ಗಟ್ಟಿ ಭಾಗ ಉಳಿಯಿತು.

ಆ ಉಳಿದ ಭಾಗ ಚೌಕವಾಗಿರದೆ ಗುಂಡಗಾದದ್ದೇಕೆ ಎಂಬುದಕ್ಕೂ ಸರಳವಾದ ಕಾರಣವಿದೆ. ಚೌಕ ದಿಮ್ಮಿಯ ಸಪಾಟು ಮೈಗೆ ನೀರು ಒಂದೇ ಕಡೆಯಿಂದ ತಗುಲುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಮೂಲೆ ಎಲ್ಲಕ್ಕಿಂತ ಬೇಗ ಕೊಳೆಯುತ್ತದೆ, ಅಂಚು ಅದರ ಹಿಂದೆ, ಮೈ ಕಟ್ಟಕಡೆಗೆ. ಹೀಗೆ ನೆಲದೊಳಗೆ ಹೂತಿರುವಾಗಲೇ ಆ ದಿಮ್ಮಿಗಳು ಉರುಟಾದವು. ಇಲ್ಲಿಯವರೆಗೆ ನಡೆದದ್ದೆಲ್ಲ ಶಿಥಿಲೀಕರಣ ಮಾತ್ರ. ಮೇಲ್ನೋಟಕ್ಕೆ ಆ ಕಾಲದ ಹಂಪಿ ಗುಂಡುಗಳಿಲ್ಲದ, ಮಣ್ಣು ಮುಚ್ಚಿದ ನೆಲವಾಗಿಯೇ ಕಂಡಿದ್ದೀತು. ಆಮೇಲೆ ಕೊಚ್ಚಿಹೋಗುವ ವೇಗವು ಕೊಳೆಯುವ ವೇಗವನ್ನು ಮೀರಿದ ಕಾಲ ಬಂತು. ಗುಂಡುಗಳ ನಡುವೆ ತುಂಬಿದ್ದ ಗರಸನ್ನು ಮಳೆ ಮತ್ತು ಹೊಳೆ ತೊಳೆದು ಒಯ್ದವು, ಗುಂಡುಗಳು ಒಂದರ ಮೇಲೊಂದು ಕುಳಿತು ಹೊರಗೆ ಕಂಡವು. ಈಗ ಅಲ್ಲಿ ಮಳೆ ಕಡಿಮೆ, ಬೋಳು ಬಂಡೆಯ ಮೇಲೆ ಬಿದ್ದ ನೀರು ನಿಲ್ಲದೆ ಜಾರಿಹೋಗುತ್ತದೆ, ಕಲ್ಲಿನೊಂದಿಗೆ ಅದರ ಸಂಪರ್ಕ ಕೆಲವೇ ನಿಮಿಷಗಳದು. ಮಣ್ಣಿನೊಳಗೆ ಸದಾ ಒದ್ದೆಯಾಗಿದ್ದಾಗ ಬೇಗ ಕೊಳೆಯುತ್ತಿದ್ದ ಅದೇ ಕಲ್ಲು ಗಾಳಿಗೆ ತೆರೆದುಕೊಂಡ ಮೇಲೆ ಬಹಳ ನಿಧಾನವಾಗಿ ಸವೆಯುತ್ತದೆ. ಒಮ್ಮೆ ಹೊರಬಂದ ಬಂಡೆ ಇನ್ನಷ್ಟು ಎತ್ತರವಾಗಿಯೇ ಉಳಿಯುವುದಕ್ಕೆ, ಸುತ್ತಲಿನ ಮಣ್ಣುನೆಲ ಇನ್ನಷ್ಟು ತಗ್ಗುವುದಕ್ಕೆ ಇದು ಕಾರಣ.

ಸೀಳುಗಳೇ ಅಪರೂಪವಾದ ಕಡೆ ಗುಂಡುಗಳ ಬದಲು ಇಡೀ ಬೆಟ್ಟವೇ ಒಂದು ಬಂಡೆಯಾಗಿ ನಿಲ್ಲುತ್ತದೆ. ಮಾಗಡಿಯ ಬಳಿ 1,226 ಮೀಟರ್ ಎತ್ತರದ ಸಾವನದುರ್ಗ ಅಂಥದು. ಮೇಲಿನ ಭಾರ ಕಳೆದುಹೋದ ಬಂಡೆ ಹೊರಮುಖವಾಗಿ ಹಿಗ್ಗಿ, ಈರುಳ್ಳಿಯ ಸಿಪ್ಪೆ ಬಿಡುವಂತೆ ಬಾಗಿದ ಹಾಳೆಗಳಾಗಿ ಕಳಚುತ್ತದೆ. ರಾಮನಗರದ ಬೆಟ್ಟಗಳಲ್ಲಿಯೂ ಇಂಥ ಹಾಳೆಗಳನ್ನು ಕಾಣಬಹುದು. ಆ ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಉತ್ತರ ದಕ್ಷಿಣವಾಗಿ ಹಬ್ಬಿದ ಆ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಹೆಸರಿಟ್ಟಿದ್ದಾರೆ.

ಕರಾವಳಿಯ ಪದವು, ಬಯಲುಸೀಮೆಯ ಎರೆ

ಹಂಪಿಯಲ್ಲಿ ಕೊಳೆತದ್ದು ತೊಳೆದುಹೋಗಿದ್ದರೆ, ಕರಾವಳಿಯಲ್ಲಿ ಕೊಳೆತದ್ದು ಇದ್ದಲ್ಲಿಯೇ ಉಳಿದು ಮತ್ತೊಂದು ಬಗೆಯ ಕಲ್ಲಾಯಿತು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಪದವು ಎಂದು ಕರೆಯುವ ಸಪಾಟು ನೆತ್ತಿಯ ಗುಡ್ಡಗಳ ಮೇಲ್ಪದರ ಮುರಕಲ್ಲು. ಉತ್ತರ ಕನ್ನಡದವರಿಗೆ ಅದು ಚಿರೆಕಲ್ಲು, ಪುಸ್ತಕಗಳಲ್ಲಿ ಜಂಬಿಟ್ಟಿಗೆ. ಸಪಾಟು ನೆಲದ ಮೇಲೆ ವರ್ಷಕ್ಕೆ ಮೂರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬಿದ್ದು, ಹರಿದುಹೋಗುವುದಕ್ಕಿಂತ ಹೆಚ್ಚಾಗಿ ಇಂಗಿದಾಗ ಬಂಡೆಯಲ್ಲಿ ಕರಗಬಲ್ಲದ್ದೆಲ್ಲ ಕೆಳಕ್ಕೆ ಇಳಿದುಹೋಗುತ್ತದೆ. ಮೊದಲು ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಹೋಗುತ್ತವೆ, ಆಮೇಲೆ ಸಿಲಿಕಾದ ಬಹುಭಾಗ ಹೋಗುತ್ತದೆ. ಕರಗಲೊಪ್ಪದ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಮಾತ್ರ ಉಳಿದು, ಮಳೆಗಾಲದ ಒದ್ದೆ ಮತ್ತು ಬೇಸಿಗೆಯ ಒಣಗು ಸರದಿಯಲ್ಲಿ ಬಂದಂತೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನೆಲದಲ್ಲಿರುವಾಗ ಕೊಯ್ಯಲು ಬರುವಷ್ಟು ಮೆದುವಾಗಿದ್ದು ಗಾಳಿಗೆ ತೆರೆದಾಗ ಗಟ್ಟಿಯಾಗುವ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಡಿಪುರದಲ್ಲಿ ತಾನು ನೋಡಿದ್ದನ್ನು ವರ್ಣಿಸಿ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟನು. ಇಂದು ಲೋಕದ ಎಲ್ಲ ಉಷ್ಣವಲಯಗಳಲ್ಲಿ ಬಳಕೆಯಲ್ಲಿರುವ ಆ ಹೆಸರು ಹುಟ್ಟಿದ್ದು ನಮ್ಮ ಪಶ್ಚಿಮ ಕರಾವಳಿಯಲ್ಲಿ.

ಮುರಕಲ್ಲಿನ ಕೋರೆಯ ಅಂಚಿನಲ್ಲಿ ನಿಂತರೆ ಇಡೀ ಕ್ರಿಯೆ ಮೇಲಿನಿಂದ ಕೆಳಗೆ ಅಧ್ಯಾಯಗಳಂತೆ ಕಾಣುತ್ತದೆ: ಮೇಲೆ ಗಟ್ಟಿಯಾದ ಕೆಂಪು ಚಿಪ್ಪು, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬೆರೆತ ನುಣುಪಾದ ಶೇಡಿ ಮಣ್ಣು, ಅದಕ್ಕೂ ಕೆಳಗೆ ಕೊಳೆಯುತ್ತಿರುವ ಬಂಡೆ, ತಳದಲ್ಲಿ ಗಟ್ಟಿ ಶಿಲೆ. ಮೇಲಿನ ಚಿಪ್ಪು ಇರುವವರೆಗೆ ಗುಡ್ಡಕ್ಕೆ ರಕ್ಷಣೆ. ಅದನ್ನು ಕೊಯ್ದು ತೆಗೆದು ಶೇಡಿಯನ್ನು ಮಳೆಗೆ ಒಡ್ಡಿದರೆ ನೀರು ತಾಗಿದೊಡನೆ ಶಕ್ತಿ ಕಳೆದುಕೊಳ್ಳುವ ಆ ಮಣ್ಣು ಕೊರಕಲು ಬಿದ್ದು ಹರಿಯತೊಡಗುತ್ತದೆ.

ಮಳೆ ಕಡಿಮೆಯಾದ ಉತ್ತರದ ಜಿಲ್ಲೆಗಳಲ್ಲಿ ಇದಕ್ಕೆ ಪೂರ್ತಿ ಭಿನ್ನವಾದ ಫಲ ದೊರೆತಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾದಿಂದಾದ ಬಸಾಲ್ಟ್ ಅಲ್ಲಿ ಕೊಳೆತಾಗ ಸುಣ್ಣದ ಅಂಶವನ್ನು ಕೊಚ್ಚಿಕೊಂಡು ಹೋಗುವಷ್ಟು ನೀರಿರಲಿಲ್ಲ. ಉಳಿದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ನಡುವೆ ರೂಪುಗೊಂಡದ್ದು ನೀರು ಕುಡಿದರೆ ಉಬ್ಬುವ, ಒಣಗಿದರೆ ಕಾಲು ಹೂತುಹೋಗುವಷ್ಟು ಬಿರಿಯುವ ಜೇಡಿ, ಅದೇ ಎರೆ. ಜೋಳ, ಕಡಲೆ, ಹತ್ತಿಯ ಬೇಸಾಯ ಆ ಗುಣವನ್ನು ನಂಬಿಕೊಂಡೇ ಬೆಳೆದು ಬಂದಿದೆ.

ಘಟ್ಟದ ಇಳಿಜಾರಿನಲ್ಲಿ

ಮಳೆಯೂ ಹೆಚ್ಚು, ಇಳಿಜಾರೂ ಕಡಿದು ಎನ್ನುವ ಪಶ್ಚಿಮ ಘಟ್ಟದಲ್ಲಿ ಕೊಳೆಯುವ ವೇಗ ಮತ್ತು ಸಾಗುವ ವೇಗ ಎರಡೂ ಏರಿದ ಮಟ್ಟದಲ್ಲಿ ಸೆಣಸುತ್ತಿರುತ್ತವೆ. ಬೆಚ್ಚನೆಯ, ಒದ್ದೆಯ ಕಾಡಿನ ನೆಲದಡಿ ಹತ್ತಾರು ಮೀಟರ್ ಆಳದವರೆಗೂ ಬಂಡೆ ಕೊಳೆತಿರುವ ಜಾಗಗಳಿವೆ. ಅಷ್ಟು ದಪ್ಪದ ಮಣ್ಣು ಕಡಿದಾದ ಇಳಿಜಾರಿನಲ್ಲಿ ನಿಂತಿರುವುದು ಕಣಗಳ ನಡುವಣ ಘರ್ಷಣೆ, ಬೇರುಗಳ ಹಿಡಿತ ಮತ್ತು ಬುಡದ ಆಸರೆ ಇವುಗಳ ಬಲದಿಂದ. ಮಳೆ ದಿನಗಟ್ಟಲೆ ಬಿಡದೆ ಸುರಿದಾಗ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿ ಒತ್ತಡ ಉಂಟುಮಾಡುತ್ತದೆ. ಆ ಒತ್ತಡ ಕಣಗಳನ್ನು ಒಂದರಿಂದೊಂದು ಎತ್ತಿ ಹಿಡಿದಂತಾಗಿ ಘರ್ಷಣೆ ಕುಸಿಯುತ್ತದೆ, ಅದೇ ಹೊತ್ತಿಗೆ ನೀರಿನಿಂದ ಮಣ್ಣಿನ ತೂಕವೂ ಏರಿರುತ್ತದೆ. ಆಗ ಇಳಿಜಾರಿನ ಒಂದು ಭಾಗ ಒಟ್ಟಾಗಿ ಜಾರುತ್ತದೆ. ಹೊಳೆ ಸಾವಿರಾರು ವರ್ಷಗಳಲ್ಲಿ ಮಾಡುವ ಸವೆತವನ್ನು ಭೂಕುಸಿತ ಕೆಲವು ನಿಮಿಷಗಳಲ್ಲಿ ಮುಗಿಸುತ್ತದೆ.

ಭೂಕುಸಿತ ಮನುಷ್ಯರಿಗಿಂತ ಹಳೆಯದು. ಘಟ್ಟದ ಕಣಿವೆಗಳು ಹಿಗ್ಗಿದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ರಸ್ತೆಗಾಗಿ, ಮನೆಗಾಗಿ, ತೋಟಕ್ಕಾಗಿ ಇಳಿಜಾರಿನ ಬುಡವನ್ನು ನೆಟ್ಟಗೆ ಕತ್ತರಿಸಿದಾಗ ಮೇಲೆ ಹೇಳಿದ ಆಸರೆಗಳಲ್ಲಿ ಒಂದು ಇಲ್ಲವಾಗುತ್ತದೆ, ಮರ ಕಡಿದಾಗ ಇನ್ನೊಂದು ಕ್ರಮೇಣ ಇಲ್ಲವಾಗುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಸಾಲುಸಾಲಾಗಿ ಗುಡ್ಡಗಳು ಜರಿದವು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು, ರಸ್ತೆಯಲ್ಲಿದ್ದವರನ್ನೂ ವಾಹನಗಳನ್ನೂ ಸೆಳೆದುಕೊಂಡು ಗಂಗಾವಳಿ ನದಿಯೊಳಕ್ಕೆ ಇಳಿಯಿತು. ನದಿಯ ನಡುವೆ ಮಣ್ಣಿನ ದಿಬ್ಬವೇ ಎದ್ದಿತು. ಸವೆತ ಮತ್ತು ಸಂಚಯನ ಎರಡನ್ನೂ ಒಂದೇ ಬೆಳಿಗ್ಗೆ, ಒಂದೇ ಜಾಗದಲ್ಲಿ, ಅಷ್ಟು ದುಃಖದ ನಡುವೆ ಕರ್ನಾಟಕ ನೋಡಬೇಕಾಯಿತು.

ಘಟ್ಟದ ಅಂಚಿನ ಹೊಳೆಗಳ ಕೆಲಸ ಇದಕ್ಕಿಂತ ನಿಧಾನವಾದದ್ದು, ಆದರೆ ಬಿಡುವಿಲ್ಲದ್ದು. ಶರಾವತಿ ಹುಟ್ಟಿನಿಂದ ಕಡಲಿನವರೆಗೆ ಸಾಗುವುದು ಸುಮಾರು 128 ಕಿಲೋಮೀಟರ್ ಮಾತ್ರ. ಅದರೊಳಗೆ ಜೋಗದಲ್ಲಿ ಒಂದೇ ನೆಗೆತಕ್ಕೆ 253 ಮೀಟರ್ ಕೆಳಗಿಳಿಯುತ್ತದೆ. ಬೀಳುವ ನೀರು ಬುಡದ ಬಂಡೆಯನ್ನು ಕೊರೆದು ಸೀಳುಗುಂಟ ತುಂಡುಗಳನ್ನು ಕಳಚುತ್ತದೆ, ಕಾಲಾಂತರದಲ್ಲಿ ಜಲಪಾತದ ತುಟಿ ಹಿಂದಕ್ಕೆ ಸರಿಯುತ್ತದೆ, ಅದು ಬಿಟ್ಟುಹೋದ ದಾರಿಯೇ ಕೆಳಗಿನ ಕಮರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನೀರಿನ ಬಹುಪಾಲು ವಿದ್ಯುದಾಗಾರಗಳ ದಾರಿ ಹಿಡಿದಿರುವುದರಿಂದ ಜೋಗದ ಬಂಡೆಯ ಮೇಲಿನ ಈ ಕೆಲಸವೂ ಬಹಳ ತಗ್ಗಿದೆ.

ಹೊರೆ ಇಳಿಯುವ ಜಾಗಗಳು

ಹರಿಯುವ ನೀರು ಎಷ್ಟು ಹೊರಬಲ್ಲದು ಎಂಬುದನ್ನು ಅದರ ವೇಗ ನಿರ್ಧರಿಸುತ್ತದೆ, ಮತ್ತು ಆ ಸಂಬಂಧ ನಮ್ಮ ಊಹೆಗಿಂತ ಬಹಳ ತೀಕ್ಷ್ಣವಾದದ್ದು. ಭೌತವಿಜ್ಞಾನದ ಸರಳ ಲೆಕ್ಕದಂತೆ, ವೇಗ ಎರಡು ಪಟ್ಟಾದರೆ ನೀರು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ. ವರ್ಷದ ಹನ್ನೊಂದು ತಿಂಗಳು ಮರಳನ್ನೂ ಕದಲಿಸದ ಹಳ್ಳವು ಒಂದು ರಾತ್ರಿಯ ನೆರೆಯಲ್ಲಿ ಹೆಬ್ಬಂಡೆಗಳನ್ನು ಸ್ಥಳಾಂತರಿಸುವುದು ಈ ಕಾರಣದಿಂದ. ಅದೇ ನಿಯಮ ಹಿಮ್ಮುಖವಾಗಿಯೂ ನಡೆಯುತ್ತದೆ: ವೇಗ ಸ್ವಲ್ಪ ತಗ್ಗಿದರೂ ಮೊದಲು ದಪ್ಪ ಕಲ್ಲು, ಆಮೇಲೆ ಮರಳು ಕೆಳಗೆ ಕೂರುತ್ತದೆ, ಜೇಡಿ ಮಾತ್ರ ನಿಂತ ನೀರು ಸಿಗುವವರೆಗೆ ತೇಲುತ್ತಲೇ ಸಾಗುತ್ತದೆ.

ಹೊಳೆ ತಿರುಗುವ ಕಡೆ ಒಂದೇ ಅಡ್ಡಸಾಲಿನಲ್ಲಿ ಎರಡು ವೇಗಗಳಿರುತ್ತವೆ. ಹೊರಬಾಗಿನ ದಂಡೆಗೆ ನೀರು ರಭಸದಿಂದ ಬಡಿದು ಮಡು ಕೊರೆಯುತ್ತದೆ, ಒಳಬಾಗಿನಲ್ಲಿ ನಿಧಾನವಾಗಿ ಮರಳು ಬಿಡುತ್ತದೆ. ಈ ಮಾತನ್ನು ಓದುವಾಗ ಕನ್ನಡಿಗರಿಗೆ ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಅಲಮೇಲಮ್ಮನ ಶಾಪ ನೆನಪಾಗದಿರದು. ತಲಕಾಡಿನ ಬಳಿ ಕಾವೇರಿ ಚೂಪಾಗಿ ತಿರುಗುತ್ತದೆ, ಎದುರು ದಂಡೆಯಲ್ಲಿ ಮಾಲಂಗಿ ಇದೆ. ಬೇಸಿಗೆಯಲ್ಲಿ ಹರಿವು ಇಳಿದಾಗ ತೆರೆದುಕೊಳ್ಳುವ ಮರಳನ್ನು ಗಾಳಿ ಎತ್ತಿ ಊರಿನ ಮೇಲೆ ಸುರಿದು ದಿಬ್ಬಗಳನ್ನಾಗಿ ಬೆಳೆಸಿತು. ಕೀರ್ತಿನಾರಾಯಣ, ವೈದ್ಯೇಶ್ವರ, ಪಾತಾಳೇಶ್ವರ ಮುಂತಾದ ಗುಡಿಗಳನ್ನು ಮರಳು ಸರಿಸಿಯೇ ನೋಡಬೇಕಾಯಿತು. ಸಮೀಪದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟು ಹರಿವನ್ನು ಬದಲಿಸಿ ಮರಳು ಹೆಚ್ಚು ತೆರೆದುಕೊಳ್ಳುವಂತೆ ಮಾಡಿತೆಂಬ ವಿವರಣೆಯನ್ನು ಸಂಶೋಧಕರು ಮುಂದಿಟ್ಟಿದ್ದಾರೆ. ಶಾಪದ ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಒಂದು ದಂಡೆ ತುಂಬಿ ಎದುರು ದಂಡೆ ಕೊರೆಯುವ ಜೋಡಿ ಕ್ರಿಯೆಯನ್ನು ಜನ ಅಷ್ಟು ಖಚಿತವಾಗಿ ಗಮನಿಸಿದ್ದರೆಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಅಣೆಕಟ್ಟು ಎಂದರೆ ಹೊಳೆಯ ವೇಗವನ್ನು ಒಮ್ಮೆಗೇ ಸೊನ್ನೆಗೆ ಇಳಿಸುವ ಗೋಡೆ. 1953ರಲ್ಲಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇತ್ತು. 2016ರ ಸಮೀಕ್ಷೆಯಂತೆ ಅದು 105.79 ಟಿಎಂಸಿ ಅಡಿಗೆ ಇಳಿದಿದೆ. ಕಳೆದುಹೋದ ಸುಮಾರು 27 ಟಿಎಂಸಿ ಅಡಿ ಜಾಗದಲ್ಲಿ ಈಗ ಹೂಳಿದೆ, ಅಂದರೆ ಸುಮಾರು 76 ಕೋಟಿ ಘನ ಮೀಟರ್ ಮಣ್ಣು. ಒಂದು ಲಾರಿಗೆ ಹತ್ತು ಘನ ಮೀಟರಿನಂತೆ ಹೊರಿಸಿದರೂ ಏಳೂವರೆ ಕೋಟಿಗೂ ಹೆಚ್ಚು ಲಾರಿಗಳು ಬೇಕು. ಹೂಳು ತೆಗೆದರಾಯಿತು ಎಂಬ ಮಾತು ಪ್ರತಿ ಬೇಸಿಗೆಯಲ್ಲಿ ಕೇಳಿಬಂದರೂ ಅದು ಕಾರ್ಯಸಾಧ್ಯವಾಗದಿರುವುದಕ್ಕೆ, ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಮುಂದೆ ಬಂದದ್ದಕ್ಕೆ ಈ ಗಾತ್ರವೇ ಕಾರಣ. ಆ ಹೂಳು ಬಂದದ್ದು ಮೇಲಿನ ಜಿಲ್ಲೆಗಳ ಹೊಲ, ಕಾಡು, ಕಡಿದ ಗುಡ್ಡಗಳಿಂದ. ಅದನ್ನು ತಡೆಯುವ ಜಾಗವೂ ಅಲ್ಲಿಯೇ.

ಅಣೆಕಟ್ಟು ದಾಟಿ ಉಳಿದದ್ದು ಕಡಲನ್ನು ಮುಟ್ಟುತ್ತದೆ. ಸಿಹಿನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತ ತೇಲುವ ಜೇಡಿಯ ಕಣಗಳು ಉಪ್ಪುನೀರು ಬೆರೆತಾಗ ಅಂಟಿಕೊಂಡು ಗೊಂಚಲಾಗಿ ತಳಕ್ಕೆ ಇಳಿಯುತ್ತವೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಹೀಗೆ ಕೂಡಿದ ಕೆಸರಿನ ಬಯಲೇ ಗಜನಿ. ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಅಲ್ಲಿ. ಮರಳಿನ ದಾರಿ ಬೇರೆ. ಓರೆಯಾಗಿ ಬಡಿಯುವ ಅಲೆಗಳು ಅದನ್ನು ದಡದುದ್ದಕ್ಕೂ ಸಾಗಿಸಿ ನದೀಮುಖಕ್ಕೆ ಅಡ್ಡಲಾಗಿ ನೀಳ ದಿಣ್ಣೆಗಳನ್ನು ಬೆಳೆಸುತ್ತವೆ. ಮಂಗಳೂರಿನ ಬೆಂಗ್ರೆ, ಉಡುಪಿಯ ಕೋಡಿಬೆಂಗ್ರೆ ಅಂಥ ದಿಣ್ಣೆಗಳ ಮೇಲೆ ನೆಲಸಿದ ಊರುಗಳು. ಮಳೆಗಾಲದ ರಭಸದ ಅಲೆಗಳು ದಡದ ಮರಳನ್ನು ಆಳಕ್ಕೆ ಎಳೆದೊಯ್ದರೆ, ಬೇಸಿಗೆಯ ಸೌಮ್ಯ ಅಲೆಗಳು ಅದರ ಬಹುಭಾಗವನ್ನು ಮರಳಿ ತರುತ್ತವೆ. ಈ ಸಾಗಣೆಗೆ ಎಲ್ಲಿಯಾದರೂ ಕಲ್ಲಿನ ಗೋಡೆ ಅಡ್ಡ ಬಂದರೆ ಒಂದು ಪಕ್ಕದಲ್ಲಿ ಮರಳು ಕೂಡುತ್ತದೆ, ಇನ್ನೊಂದು ಪಕ್ಕದ ದಡಕ್ಕೆ ಮರಳು ಸಿಗದೆ ಸವೆತ ಹೆಚ್ಚುತ್ತದೆ. ನದಿಯಲ್ಲಿಯೇ ಮರಳು ತೆಗೆದುಬಿಟ್ಟರೆ ಕೊರತೆ ಇನ್ನೂ ಹಿಂದಿನ ಹಂತದಿಂದಲೇ ಆರಂಭವಾಗುತ್ತದೆ.

ಕೂಡಿದ ಮರಳು ಹೂತು, ಒತ್ತಿ, ಬೆಸೆದುಕೊಂಡರೆ ಮತ್ತೆ ಕಲ್ಲು. ಬಾದಾಮಿಯ ಕೆಂಪು ಮರಳುಗಲ್ಲು ನೆಲದ ಮೇಲೆ ಗಿಡಮರಗಳೇ ಹುಟ್ಟಿರದ ಕಾಲದಲ್ಲಿ ಸಂಚಯಗೊಂಡದ್ದು. ಅದರ ಗೋಡೆಗಳಲ್ಲಿ ಓರೆಯಾಗಿ ಹಾಯುವ ಪದರಗಳು ಆ ಮರಳನ್ನು ತಂದ ಹರಿವಿನ ದಿಕ್ಕನ್ನು ಇಂದಿಗೂ ತೋರುತ್ತವೆ. ಚಾಲುಕ್ಯ ಮಂಗಲೇಶನ 578ರ ಶಾಸನವಿರುವ ಮೂರನೆಯ ಗುಹೆಯನ್ನು ಕೊರೆದದ್ದು ಈ ಕಲ್ಲಿನಲ್ಲಿಯೇ, ಮತ್ತು ಆ ಕಲ್ಲು ಈಗ ಮತ್ತೆ ಮರಳಾಗಿ ಉದುರುತ್ತಿದೆ.

ಹೊಲದ ಮಟ್ಟದ ಲೆಕ್ಕ

ಈ ವೇಗಗಳನ್ನು ಅಳೆಯುವ ಒಂದು ವಿಧಾನ ಬೆರಿಲಿಯಂ 10 ಎಂಬ ಪರಮಾಣುಗಳನ್ನು ಎಣಿಸುವುದು. ಬಾಹ್ಯಾಕಾಶದ ಕಿರಣಗಳು ನೆಲದ ಮೇಲಿನ ಒಂದೆರಡು ಮೀಟರ್‌ಗಳಲ್ಲಿರುವ ಬೆಣಚಿಗೆ ತಾಗಿದಾಗ ಅದರಲ್ಲಿ ಈ ಪರಮಾಣುಗಳು ಹುಟ್ಟುತ್ತವೆ. ನೆಲ ನಿಧಾನವಾಗಿ ಸವೆದಷ್ಟೂ ಹರಳು ಮೇಲ್ಪದರದಲ್ಲಿ ಹೆಚ್ಚು ಕಾಲ ಇದ್ದು ಅವುಗಳ ಸಂಖ್ಯೆ ಹೆಚ್ಚುತ್ತದೆ. ದಕ್ಷಿಣ ಭಾರತದ ಪೀಠಭೂಮಿಯಂಥ ಪುರಾತನ, ಸಪಾಟು ನೆಲಗಳು ಸಹಜವಾಗಿ ತಗ್ಗುವುದು ಹತ್ತು ಲಕ್ಷ ವರ್ಷಕ್ಕೆ ಕೆಲವು ಮೀಟರ್‌ಗಳಿಂದ ಕೆಲವು ಹತ್ತು ಮೀಟರ್‌ಗಳಷ್ಟು. ಹತ್ತು ಮೀಟರ್ ಎಂದಿಟ್ಟುಕೊಂಡರೆ ಒಂದು ಮಿಲಿಮೀಟರಿಗೆ ನೂರು ವರ್ಷ. ಬಂಡೆ ಮಣ್ಣಾಗುವ ವೇಗವೂ ದೀರ್ಘಕಾಲದಲ್ಲಿ ಇದಕ್ಕೆ ಹೊಂದಿಕೊಂಡೇ ಇರುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನು ಇಡಬೇಕು. ಭಾರತದಲ್ಲಿ ಸರಾಸರಿ ಒಂದು ಹೆಕ್ಟೇರಿನಿಂದ ವರ್ಷಕ್ಕೆ ಸುಮಾರು 16.4 ಟನ್ ಮಣ್ಣು ಕೀಳಲ್ಪಡುತ್ತದೆ ಎಂದು 1983ರಲ್ಲಿ ಅಂದಾಜಿಸಲಾಗಿತ್ತು. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ದಪ್ಪದ ಮಣ್ಣು ಸರಿಸುಮಾರು 13 ಟನ್ ತೂಗುತ್ತದೆ. ಆದ್ದರಿಂದ ನೂರು ವರ್ಷಗಳ ಗಳಿಕೆ ಒಂದೇ ವರ್ಷದಲ್ಲಿ ಇದ್ದ ಜಾಗ ಬಿಟ್ಟು ಕದಲುತ್ತಿದೆ. ಅದೇ ಅಂದಾಜಿನ ಪ್ರಕಾರ ಇದರಲ್ಲಿ ಶೇಕಡ 29ರಷ್ಟು ಕಡಲಿಗೆ ಸೇರುತ್ತದೆ, ಶೇಕಡ 10ರಷ್ಟು ಜಲಾಶಯಗಳಲ್ಲಿ ಕೂರುತ್ತದೆ. ಉಳಿದ ಶೇಕಡ 61ರಷ್ಟು ದೇಶದ ನೆಲದ ಮೇಲೆಯೇ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ. ಕಿತ್ತುಹೋದ ಮಣ್ಣಿನ ಹೆಚ್ಚು ಭಾಗ ನಮ್ಮ ಕೈಗೆಟುಕುವ ದೂರದಲ್ಲಿಯೇ ಇದೆ ಎಂಬುದು ಈ ಲೆಕ್ಕದಿಂದ ಸಿಗುವ ಉಪಯುಕ್ತ ತಿಳಿವಳಿಕೆ.

ಹೊಲಕ್ಕೆ ಬದು ಹಾಕುವುದು, ಇಳಿಜಾರಿಗೆ ಅಡ್ಡಲಾಗಿ ಉಳುವುದು, ಕೊರಕಲಿಗೆ ಕಲ್ಲು ಜೋಡಿಸಿ ತಡೆ ಕಟ್ಟುವುದು ಇವೆಲ್ಲವೂ ನೀರಿನ ವೇಗವನ್ನು ತಗ್ಗಿಸುವ ಉಪಾಯಗಳು. ಮೇಲೆ ಹೇಳಿದ ನಿಯಮದಂತೆ ವೇಗ ಅರ್ಧಕ್ಕೆ ಇಳಿದರೆ ಅದು ಉರುಳಿಸಬಲ್ಲ ತೂಕ ಅರವತ್ತನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಮೊಣಕಾಲೆತ್ತರದ ಬದು ತನ್ನ ಗಾತ್ರಕ್ಕೆ ಮೀರಿದ ಕೆಲಸ ಮಾಡುವುದು ಹೀಗೆ. ಬದುವನ್ನೂ ದಾಟಿಹೋದ ಜೇಡಿ ಕೆರೆಯ ತಳದಲ್ಲಿ ಗೋಡಾಗಿ ಕೂರುತ್ತದೆ, ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಅದನ್ನು ಮರಳಿ ಹೊಲಕ್ಕೆ ಹೊಡೆಯುತ್ತಾರೆ. ಗ್ರಾನೈಟ್ ಕೊಳೆತು ಆದ ಮರಳುಮಿಶ್ರಿತ ಕೆಮ್ಮಣ್ಣಿಗೆ ಈ ಜೇಡಿ ಸೇರಿದರೆ ತೇವ ಹಿಡಿದಿಡುವ ಶಕ್ತಿ ಹೆಚ್ಚುತ್ತದೆ, ಗೊಬ್ಬರದ ಅಂಶ ಬೇಗ ಇಳಿದುಹೋಗುವುದಿಲ್ಲ. ಎರೆಹೊಲಕ್ಕೆ ಗೋಡು ಹೊಡೆದರೆ ಅದೇ ಪ್ರಯೋಜನ ದೊರೆಯದು, ಏಕೆಂದರೆ ಅಲ್ಲಿ ಜೇಡಿಯೇ ಹೆಚ್ಚಾಗಿದ್ದು ಕೊರತೆ ಇರುವುದು ನೀರು ಬಸಿದುಹೋಗುವುದರಲ್ಲಿ.